ಹವಾಮಾನ ಬದಲಾವಣೆಗೂ ದೇಶದ ಭದ್ರತೆಗೂ ಏನು ಸಂಬಂಧ? ಮಂಗಳೂರಿನಲ್ಲಿ ಕುಳಿತು ನೋಡಿದರೆ

ನೇರ ಸಂಬಂಧವಿದೆ. ಕಡಲು ಕಾಯುವ ಪಡೆಯೇ ಜನರನ್ನೂ ರಕ್ಷಿಸಬೇಕು. ಚಂಡಮಾರುತ ಹೆಚ್ಚಿದಷ್ಟೂ ಅದೇ ಹಡಗು, ಅದೇ ಹೆಲಿಕಾಪ್ಟರ್‌ಗಳು ಎರಡು ಕಡೆ ಹಂಚಿಹೋಗುತ್ತವೆ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯಲ್ಲ? ಮೂಲ್ಕಿ ಬಳಿ ಕಡಲಬಂಡೆಗಳ ನಡುವೆ ಸಿಕ್ಕಿಬಿದ್ದ, ದೊಡ್ಡ ಹಡಗುಗಳನ್ನು ಎಳೆಯುವ ಟಗ್‌ನಿಂದ 9 ಮಂದಿಯನ್ನು ಪಾರುಮಾಡಲು ಕೋಸ್ಟ್ ಗಾರ್ಡ್ ಜೊತೆ ನೌಕಾಪಡೆಯ ಹೆಲಿಕಾಪ್ಟರ್ ಕೂಡ ಬರಬೇಕಾಯಿತು.

ಚಂಡಮಾರುತ ಹೆಚ್ಚಲು ಮೂಲ ಕಾರಣ ನೀರಿನ ಬಿಸಿ. ಚಂಡಮಾರುತಕ್ಕೆ ಬೆಚ್ಚಗಿನ ಸಮುದ್ರವೇ ಇಂಧನ. ಬಂಗಾಳ ಕೊಲ್ಲಿಗಿಂತ ತಣ್ಣಗಿದ್ದ ಅರಬ್ಬೀ ಸಮುದ್ರ ಈಗ ಬಿಸಿಯಾಗುತ್ತಿದೆ. ಹಾಗಾಗಿ ಸಣ್ಣ ವಾಯುಭಾರ ಕುಸಿತವೂ ಒಂದೆರಡು ದಿನದಲ್ಲೇ ತೀವ್ರ ಚಂಡಮಾರುತವಾಗಬಹುದು. ದೋಣಿಗಳನ್ನು ವಾಪಸ್ ಕರೆಸಲು, ಪಡೆಗಳನ್ನು ಸಜ್ಜುಗೊಳಿಸಲು ಸಿಗುವ ಸಮಯವೇ ಕಡಿಮೆ. ಹಳೆಯ ದಾಖಲೆ ನಂಬಿ ಮಾಡಿದ ಯೋಜನೆ ಇಲ್ಲಿ ಕೈಕೊಡುತ್ತದೆ.

ಇನ್ನು ತೈಲ, ಅದೂ ಭದ್ರತೆಯ ವಿಷಯವೇ. ದೇಶದ ತುರ್ತು ಕಚ್ಚಾತೈಲ ಸಂಗ್ರಹಾಗಾರಗಳಲ್ಲಿ ಎರಡು ನಮ್ಮಲ್ಲೇ ಇವೆ: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯ. ಬಂಡೆಯೊಳಗಿನ ಗುಹೆಗಳಾದ್ದರಿಂದ ಗಾಳಿಮಳೆಗೆ ಅವು ಜಗ್ಗುವುದಿಲ್ಲ. ನನ್ನ ಚಿಂತೆ ಅವುಗಳದ್ದಲ್ಲ, ತೈಲ ಇಳಿಸುವ ಕಡಲಿನದ್ದು. ಅಲೆ ಎದ್ದರೆ ಟ್ಯಾಂಕರ್ ಕಾಯಲೇಬೇಕು.