ಗೇರ್‌ಬಾಕ್ಸ್ ಹೋಗಿದೆ ಅಂದವರನ್ನು ಕೇಳಿ: ಒಳಗೆ ಯಾವ ಭಾಗ?

ನೀವು ಬರೆದದ್ದು ಇಷ್ಟು: ಕಾರವಾರದಲ್ಲಿದ್ದೀರಿ. 2015ರ ಆಟೋಮ್ಯಾಟಿಕ್ ಕಾರು, ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್, 1,20,000 ಕಿಲೋಮೀಟರ್ ಓಡಿದೆ. ಬೆಳಿಗ್ಗೆ ‘ಡಿ’ಗೆ ಹಾಕಿದರೆ ತಡವಾಗಿ ಹಿಡಿಯುತ್ತದೆ. ಅರಬೈಲು ಘಟ್ಟ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸರ್ವಿಸ್ ಸೆಂಟರ್‌ನವರು ಇಡೀ ಗೇರ್‌ಬಾಕ್ಸ್ ಬದಲಿಸಬೇಕು, ಎರಡೂವರೆ ಲಕ್ಷ ಅಂದರು. ಪರಿಚಯದ ಮೆಕ್ಯಾನಿಕ್ ಒಬ್ಬರು ಆಯಿಲ್ ಬದಲಿಸಿದರೆ ಸಾಕು ಅಂದರು. ಯಾರ ಮಾತು ಕೇಳಬೇಕು ಅನ್ನೋದು ನಿಮ್ಮ ಪ್ರಶ್ನೆ.

ನಾನು ಶಿರಸಿಯಲ್ಲಿ ಗ್ಯಾರೇಜ್ ನಡೆಸುತ್ತೇನೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಕಟ್ಟುವ ಕೆಲಸ ನನ್ನಲ್ಲಿಲ್ಲ, ಅದನ್ನು ಹುಬ್ಬಳ್ಳಿಗೆ ಕಳಿಸುತ್ತೇನೆ. ಆದರೆ ಯಾವುದನ್ನು ಕಳಿಸಬೇಕು, ಯಾವುದು ಇಲ್ಲೇ ಮುಗಿಯುತ್ತದೆ ಅಂತ ಹೇಳುವ ಹೊಣೆ ನನ್ನ ಮೇಲೇ ಇರುತ್ತದೆ. ಆ ಅನುಭವದಿಂದ ಹೇಳುವುದಾದರೆ, ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಒಳಗೆ ಏನು ಹಾಳಾಗಿದೆ ಅಂತ ಇಬ್ಬರೂ ಹೇಳಿಲ್ಲ. ಆ ಉತ್ತರ ಸಿಗದೆ ರಿಪೇರಿಯೋ ಬದಲಿಯೋ ಅಂತ ತೀರ್ಮಾನ ಮಾಡಿದರೆ ದುಡ್ಡು ಹೋಗುವುದು ನಿಮ್ಮದು.

ಮೊದಲು ಆಯಿಲ್ ಮಟ್ಟ ನೋಡಿಸಿ. ಈ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಇರುವುದು ಬರೀ ಜಾರಿಕೆಗೆ ಅಲ್ಲ. ಒಳಗಿನ ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವುದೇ ಆಯಿಲ್‌ನ ಒತ್ತಡ. ಆಯಿಲ್ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟ್ ಜಾರುತ್ತದೆ. ತಡವಾಗಿ ಹಿಡಿಯುವುದು, ಏರಿನಲ್ಲಿ ಕೂಗುವುದು, ನೀವು ಹೇಳಿದ ಎರಡೂ ಲಕ್ಷಣ ಇದರಿಂದಲೇ ಬರಬಹುದು. ಕರಾವಳಿಯ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಆಯಿಲ್ ತಣಿಸುವ ಕೂಲರ್‌ಗೆ ಹೋಗುವ ಪೈಪು ಮತ್ತು ಕೆಳಗಿನ ಚೇಂಬರ್, ಅಂದರೆ ಗೇರ್‌ಬಾಕ್ಸ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ. ಉಪ್ಪುಗಾಳಿಗೆ ಅವು ತುಕ್ಕು ಹಿಡಿದು ಸಣ್ಣಗೆ ಜಿನುಗುತ್ತಿರುತ್ತವೆ. ಮಳೆಗಾಲದಲ್ಲಿ ನೆಲವೆಲ್ಲ ಒದ್ದೆ, ಹನಿ ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮಟ್ಟ ನೋಡುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಡಿಪ್‌ಸ್ಟಿಕ್ ಇರುತ್ತದೆ. ಕೆಲವಕ್ಕೆ ಎಂಜಿನ್ ಚಾಲೂ ಇಟ್ಟು, ಆಯಿಲ್ ಇಂತಿಷ್ಟು ಬಿಸಿಯಾದಾಗ ಕೆಳಗಿನ ಬೋಲ್ಟ್ ತೆಗೆದು ನೋಡಬೇಕು. ಸುಮ್ನೆ ಅಂದಾಜಿನಲ್ಲಿ ಸುರಿಯುವವರ ಕೈಗೆ ಗಾಡಿ ಕೊಡಬೇಡಿ. ಹೆಚ್ಚಾದರೂ ನೊರೆ ಬಂದು ಅದೇ ತೊಂದರೆ.

ಆಮೇಲೆ ಆಯಿಲ್‌ನ ಬಣ್ಣ, ವಾಸನೆ. ಹೆಚ್ಚಿನ ಗಾಡಿಗಳಲ್ಲಿ ಹೊಸ ಆಯಿಲ್ ಮುರುಗಲು ಪಾನಕದ ಹಾಗೆ ಕೆಂಪಗೆ, ತಿಳಿಯಾಗಿರುತ್ತದೆ. ಓಡಿದ ಮೇಲೆ ಸ್ವಲ್ಪ ಕಂದುವುದು ಸಹಜ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟಿನ ಲೈನಿಂಗ್ ಬೆಂದಿದೆ ಅಂತ ಅರ್ಥ. ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಕಲಕಿದಂತಿದ್ದರೆ ನೀರು ಸೇರಿದೆ. ರೇಡಿಯೇಟರ್ ಒಳಗೇ ಗೇರ್‌ಬಾಕ್ಸ್ ಕೂಲರ್ ಇರುವ ಗಾಡಿಗಳಲ್ಲಿ ಅದು ತೂತಾಗಿ ಕೂಲಂಟ್ ಒಳಗೆ ಬರುತ್ತದೆ. ನೆರೆ ನೀರಿನಲ್ಲಿ ಗಾಡಿ ನಿಂತಿದ್ದರೂ ಬ್ರೀದರ್ (ಗಾಳಿ ಆಡಲು ಇರುವ ಸಣ್ಣ ತೂತು) ಮೂಲಕ ನೀರು ಹೋಗಿರಬಹುದು. ನೀರು ಪ್ಲೇಟಿನ ಲೈನಿಂಗ್ ಅಂಟನ್ನೇ ಬಿಡಿಸುತ್ತದೆ. ಹಾಗಾಗಿ ನೀರು ಸೇರಿದ ಮೇಲೆ ಬಹಳ ದಿನ ಓಡಿಸಿದ ಗೇರ್‌ಬಾಕ್ಸ್‌ಗೆ ಆಯಿಲ್ ಬದಲಿಸಿ ಆಸೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ನಿಜವಾದ ಉತ್ತರ ಚೇಂಬರ್ ಬಿಚ್ಚಿದಾಗ ಸಿಗುತ್ತದೆ. ಅದರೊಳಗೆ ಮ್ಯಾಗ್ನೆಟ್ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಹಿಡಿದಿದ್ದರೆ ಹೆದರಬೇಡಿ, 1,20,000 ಓಡಿದ ಗಾಡಿಯಲ್ಲಿ ಅದು ಇರಲೇಬೇಕು. ಹೊಳೆಯುವ ಚೂರು, ಕೈಗೆ ಚುಚ್ಚುವ ಲೋಹ, ತಳದಲ್ಲಿ ಕಪ್ಪು ಲೈನಿಂಗ್ ಪುಡಿ ರಾಶಿ ಕಂಡರೆ ಕತೆ ಬೇರೆ. ಈ ಕೆಲಸ ಮಾಡಿಸುವಾಗ ದಯವಿಟ್ಟು ನೀವೇ ಎದುರಿಗೆ ನಿಲ್ಲಿ. ಎರಡೂವರೆ ಲಕ್ಷದ ತೀರ್ಮಾನ ಈ ಚೇಂಬರ್‌ನಲ್ಲಿರುತ್ತದೆ, ಅದನ್ನು ನಿಮ್ಮ ಕಣ್ಣಾರೆ ನೋಡಬೇಕು ಅಲ್ವಾ?

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸುವಾಗ ಒಂದು ವಿಷಯ. ‘ಪಿ 0700’ ಅಂತ ಕೋಡ್ ತೋರಿಸಿ ಗೇರ್‌ಬಾಕ್ಸ್ ಹೋಯಿತು ಅನ್ನುವವರಿದ್ದಾರೆ. ಆ ಕೋಡ್‌ನ ಅರ್ಥ, ಗೇರ್‌ಬಾಕ್ಸ್‌ನ ಕಂಪ್ಯೂಟರ್‌ನಲ್ಲಿ ಏನೋ ದೂರು ಇದೆ, ಅಲ್ಲಿ ನೋಡಿ ಅಂತ ಅಷ್ಟೇ. ಅಲ್ಲಿ ಓದಿದರೆ ನಿಜವಾದ ಕೋಡ್ ಸಿಗುತ್ತದೆ. ‘ಪಿ 0741’ ಅಂದರೆ ಟಾರ್ಕ್ ಕನ್ವರ್ಟರ್ ಒಳಗಿನ, ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರ ಜೋಡಿಸುವ ಲಾಕಪ್ ಕ್ಲಚ್ ಹಿಡಿಯುತ್ತಿಲ್ಲ. ‘ಪಿ 0750’ರಿಂದ ಮುಂದಿನವು ಶಿಫ್ಟ್ ಸೊಲೆನಾಯ್ಡ್‌ಗಳದ್ದು, ಅಂದರೆ ಗೇರ್ ಬದಲಿಸಲು ಆಯಿಲ್ ದಾರಿ ತೆರೆದು ಮುಚ್ಚುವ ಕರೆಂಟಿನ ವಾಲ್ವ್‌ಗಳದ್ದು. ಅನೇಕ ಗಾಡಿಗಳಲ್ಲಿ ಸೊಲೆನಾಯ್ಡ್, ಆಯಿಲ್ ದಾರಿಗಳಿರುವ ವಾಲ್ವ್ ಬಾಡಿಯನ್ನು ಗೇರ್‌ಬಾಕ್ಸ್ ಇಳಿಸದೆಯೇ ಕೆಳಗಿನಿಂದ ಬದಲಿಸಬಹುದು. ಅಷ್ಟು ಕೆಲಸಕ್ಕೆ ಇಡೀ ಗೇರ್‌ಬಾಕ್ಸ್ ಬದಲಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಇನ್ನು ಬ್ಯಾಟರಿ ಸೋತಿದ್ದರೆ, ಅರ್ತ್ ವೈರಿನ ತುದಿ ಅಥವಾ ಕನೆಕ್ಟರ್ ಪಿನ್ ಹಸಿರುಗಟ್ಟಿದ್ದರೆ ಸುಳ್ಳು ಕೋಡ್ ಬರುತ್ತದೆ. ಸಮುದ್ರದ ಪಕ್ಕದ ಊರುಗಳಲ್ಲಿ ಇದು ಜಾಸ್ತಿ. ಮೊದಲು ಅದನ್ನು ಕ್ಲೀನ್ ಮಾಡಿಸಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡಿ.

ಇಷ್ಟು ಗೊತ್ತಾದ ಮೇಲೆ ತೀರ್ಮಾನ ಅಷ್ಟು ಕಷ್ಟವಲ್ಲ. ಆಯಿಲ್ ಸೋರಿ ಕಡಿಮೆಯಾಗಿತ್ತು, ಸುಟ್ಟಿಲ್ಲ ಅಂದರೆ ಸೋರಿಕೆ ನಿಲ್ಲಿಸಿ, ಕಂಪನಿ ಹೇಳಿದ ಗ್ರೇಡಿನ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿಸಿ. ಒಮ್ಮೆ ಇಳಿಸಿದಾಗ ಪೂರ್ತಿ ಆಯಿಲ್ ಬರುವುದಿಲ್ಲ, ಕನ್ವರ್ಟರ್ ಒಳಗೆ ಬಹಳಷ್ಟು ಉಳಿಯುತ್ತದೆ. ಆದ್ದರಿಂದ ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಲೈನಿಂಗ್ ಸುಟ್ಟಿದ್ದರೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಸವೆದ ಪ್ಲೇಟ್ ಹೊಸ ಆಯಿಲ್‌ನಿಂದ ದಪ್ಪವಾಗುವುದಿಲ್ಲ. ಅದಕ್ಕೆ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಕಟ್ಟುವುದು ಬೇಕು: ಪ್ಲೇಟ್, ಸೀಲ್, ಫಿಲ್ಟರ್, ಕನ್ವರ್ಟರ್ ರೀಕಂಡೀಷನ್, ವಾಲ್ವ್ ಬಾಡಿ ಕ್ಲೀನಿಂಗ್. ಜೊತೆಗೆ ಕೂಲರ್ ತೊಳೆಸಲೇಬೇಕು, ಸಾಧ್ಯವಾದರೆ ಬದಲಿಸಿ. ಹಳೆಯ ಚೂರು ಅಲ್ಲಿ ಕೂತಿದ್ದು ಹೊಸದಾಗಿ ಕಟ್ಟಿದ ಗೇರ್‌ಬಾಕ್ಸನ್ನೂ ಹಾಳುಮಾಡುತ್ತದೆ. ಕೇಸಿಂಗ್ ಒಡೆದಿದೆ, ಗೇರ್ ಸೆಟ್ಟೇ ಪುಡಿಯಾಗಿದೆ ಅಂದಾಗ ಮಾತ್ರ ಇಡೀ ಗೇರ್‌ಬಾಕ್ಸ್ ಬದಲಿಸುವ ಮಾತಿಗೆ ನಾನು ತಲೆಯಾಡಿಸುತ್ತೇನೆ.

ಗುಜರಿಯ ಗೇರ್‌ಬಾಕ್ಸ್ ಅಗ್ಗಕ್ಕೆ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಯಾವ ಗಾಡಿಯದ್ದು, ನೀರಲ್ಲಿ ಮುಳುಗಿತ್ತಾ ಅನ್ನೋದು ಹೊರಗಿನಿಂದ ತಿಳಿಯುವುದಿಲ್ಲ. ಅದರ ಪಾರ್ಟ್ ನಂಬರ್ ನಿಮ್ಮ ಗಾಡಿಯದ್ದಕ್ಕೆ ಹೊಂದದಿದ್ದರೆ ಕಂಪ್ಯೂಟರ್ ಜಗಳ ಬೇರೆ. ನಾನಂತೂ ಯಾರಿಗೂ ಹಾಕಿಸಿ ಅಂದಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಓವರ್‌ಹಾಲ್ ಬೆಲೆ ನಿಮ್ಮ ಗಾಡಿ ಸರಿಯಾಗಿದ್ದರೆ ಸಿಗಬಹುದಾದ ಬೆಲೆಯ ಅರ್ಧ ದಾಟಿದರೆ ನಾನು ಗಿರಾಕಿಗೆ ಬೇಡ ಅನ್ನುತ್ತೇನೆ. ಲೆಕ್ಕ ಹಾಕುವ ಮೊದಲು ಗಾಡಿಯನ್ನು ಲಿಫ್ಟ್ ಮೇಲೆತ್ತಿ ತಳ ನೋಡಿ. ಕಾರವಾರದ ಗಾಡಿಗೆ ಇದು ಬಹಳ ಮುಖ್ಯ. ಫ್ಲೋರ್, ಎಂಜಿನ್ ಹೊರುವ ಸಬ್‌ಫ್ರೇಮ್ ತುಕ್ಕು ತಿಂದಿದ್ದರೆ ಗೇರ್‌ಬಾಕ್ಸ್‌ಗೆ ದುಡ್ಡು ಹಾಕಬೇಡಿ, ಮಾರಿಬಿಡಿ. ತಳ ಗಟ್ಟಿಯಿದ್ದು ಎಂಜಿನ್ ಚೆನ್ನಾಗಿದ್ದರೆ ಓವರ್‌ಹಾಲ್ ಮಾಡಿಸಿ ಇನ್ನೂ ಹಲವು ವರ್ಷ ಓಡಿಸಬಹುದು. ಕೊಟೇಶನ್ ಬರವಣಿಗೆಯಲ್ಲಿ ತಗೊಳ್ಳಿ. ವಾರಂಟಿ ಎಷ್ಟು ತಿಂಗಳು, ಗಾಡಿ ನಿಂತರೆ ಟೋಯಿಂಗ್ ಯಾರ ಖರ್ಚು ಅಂತ ಅದರಲ್ಲೇ ಬರೆಸಿ. ತೆಗೆದ ಹಳೆಯ ಪಾರ್ಟ್ಸ್ ವಾಪಸ್ ಕೇಳಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಈ ಲೆಕ್ಕ ಎಲ್ಲ ಆಟೋಮ್ಯಾಟಿಕ್‌ಗೂ ಒಂದೇ ಅಲ್ಲ. ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸ ಆಕ್ಚುಯೇಟರ್ ಮಾಡುತ್ತದೆ. ಅಲ್ಲಿ ಇಡೀ ಗೇರ್‌ಬಾಕ್ಸ್ ಬದಲಿಸುವ ಪ್ರಸಂಗ ತೀರಾ ಕಡಿಮೆ. ಸಿವಿಟಿ ಅಂದರೆ ಗೇರ್ ಸೆಟ್ ಬದಲು ಬೆಲ್ಟ್, ಪುಲ್ಲಿಯ ಮೇಲೆ ನಡೆಯುವುದು; ಅದರಲ್ಲಿ ಬೆಲ್ಟ್ ಪುಲ್ಲಿಯನ್ನು ಗೀರಿದ್ದರೆ ರಿಪೇರಿ ದುಬಾರಿ, ಅಲ್ಲಿ ಬದಲಿಯೇ ವಾಸಿ ಅನ್ನಿಸಬಹುದು.

ನೀವು ಈಗಲೇ ಮಾಡಬೇಕಾದ್ದು: ಜಾರುತ್ತಿರುವ ಗಾಡಿಯನ್ನು ಘಟ್ಟ ಹತ್ತಿಸುವುದು ನಿಲ್ಲಿಸಿ. ಪ್ರತಿ ಏರಿನಲ್ಲೂ ಪ್ಲೇಟ್ ಸುಡುತ್ತದೆ, ಸೀಲ್ ಬದಲಿಸಿ ಮುಗಿಯಬಹುದಾದ ಕೆಲಸ ಓವರ್‌ಹಾಲ್‌ಗೆ ಹೋಗುತ್ತದೆ. ಹುಬ್ಬಳ್ಳಿಗೆ ಕಳಿಸುವುದಾದರೆ ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್‌ನಲ್ಲೇ ಕಳಿಸಿ. ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಬಂದ್ ಇದ್ದರೆ ಗೇರ್‌ಬಾಕ್ಸ್ ಪಂಪ್ ತಿರುಗುವುದಿಲ್ಲ, ಒಳಗೆ ಆಯಿಲ್ ಹರಿಯದೆ ಚಕ್ರದ ಜೊತೆ ಗೇರ್ ಒಣಗಿಯೇ ತಿರುಗುತ್ತದೆ.

ಕಾರವಾರದಲ್ಲೇ ಚೇಂಬರ್ ಬಿಚ್ಚಿಸಿದರೆ ಮ್ಯಾಗ್ನೆಟ್‌ನ ಫೋಟೋ, ಆಯಿಲ್ ಅನ್ನು ಬಿಳಿ ಬಟ್ಟೆಯ ಮೇಲೆ ಹಾಕಿದ ಫೋಟೋ, ಸ್ಕ್ಯಾನರ್‌ನ ಪೂರ್ತಿ ಕೋಡ್ ಇಲ್ಲಿ ಹಾಕಿ. ನೋಡಿ ನನಗೆ ಏನನ್ನಿಸುತ್ತದೆ ಅಂತ ಬರೆಯುತ್ತೇನೆ.