ಮ್ಯೂನಿಕ್‌ನ ಕಚೇರಿಗೆ ಹೊರಟಿರುವ ತಂಗಿಗೆ

ತಂಗೀ, ತೀರ್ಥಹಳ್ಳಿಯಿಂದ ನೀನು ಬರೆದದ್ದನ್ನು ಓದಿದೆ. ಮ್ಯೂನಿಕ್‌ನ ಕಂಪನಿಯೊಂದು ಕೆಲಸ ಕೊಟ್ಟು ತನ್ನ ಮುಖ್ಯ ಕಚೇರಿಯ ಚಿತ್ರಗಳನ್ನೂ ಕಳಿಸಿದೆ. ಅವುಗಳಲ್ಲಿ ಗೋಡೆಗಳೇ ಕಾಣದ ಹಜಾರ ಮತ್ತು ಗಾಜಿನ ಕೋಣೆಗಳನ್ನು ನೋಡಿ, ಇಂಥ ಕಡೆ ಮೇಲಿನವರು ಕೆಳಗಿನವರು ಎಂಬ ಭೇದ ಇರುವುದಿಲ್ಲವೇ, ಅಲ್ಲಿ ನಾನು ಹೊಂದಿಕೊಂಡೇನೇ ಎಂದು ಕೇಳಿದ್ದೀಯೆ. ಹದಿನಾಲ್ಕು ವರ್ಷಗಳಿಂದ ಇಲ್ಲಿ ಮ್ಯೂನಿಕ್‌ನ ಕಚೇರಿಗಳಲ್ಲಿ ದುಡಿದಿರುವ ನನಗೆ ಇದು ಸಂಬಳಕ್ಕಿಂತ ಮುಖ್ಯವಾದ ಪ್ರಶ್ನೆಯಾಗಿ ಕಂಡಿತು.

ನಮ್ಮ ಕಡೆಯ ತೊಟ್ಟಿ ಮನೆಯನ್ನು ನೆನೆದುಕೊ. ಜಗಲಿಯ ಮೇಲೆ ಯಾರು ಕೂರಬೇಕು, ಅಂಗಳದಲ್ಲೇ ಯಾರು ನಿಲ್ಲಬೇಕು, ಒಳಗಿನ ತೊಟ್ಟಿಯ ತನಕ ಯಾರು ಬರಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಜಗಲಿಯ ಎತ್ತರವೇ ಹೇಳುತ್ತಿತ್ತು. ಆದರೆ ಅದೇ ಮನೆಯಲ್ಲಿ ಅಡಿಕೆ ಕೊಯ್ಲಿನ ದಿನಗಳಲ್ಲಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿಯ ತನಕ ಸುಲಿಯಲು ಕುಳಿತರೆ, ಹಗಲು ಆಡಲಾಗದ ಮಾತುಗಳೂ ಸರಾಗವಾಗಿ ಬರುತ್ತಿದ್ದವು. ಕಚೇರಿಗಳನ್ನು ನಾನು ನೋಡುವುದು ಈ ಕಣ್ಣಿನಿಂದಲೇ.

ಇಲ್ಲಿಗೆ ಬಂದ ಮೇಲೆ ಒಲಿಂಪಿಕ್ ಉದ್ಯಾನದ ಪಕ್ಕದಲ್ಲಿರುವ ಬಿಎಂಡಬ್ಲ್ಯು ಕಂಪನಿಯ ಮುಖ್ಯ ಕಚೇರಿಯನ್ನು ಹೊರಗಿನಿಂದಲಾದರೂ ನೋಡು. ಆಸ್ಟ್ರಿಯಾದ ವಾಸ್ತುಶಿಲ್ಪಿ ಕಾರ್ಲ್ ಶ್ವಾನ್ಸರ್ ವಿನ್ಯಾಸ ಮಾಡಿದ, 1968ರಿಂದ 1972ರ ನಡುವೆ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಆ ಗೋಪುರ ನಾಲ್ಕು ಸಿಲಿಂಡರ್‌ಗಳನ್ನು ಒಟ್ಟಿಗೆ ನಿಲ್ಲಿಸಿದಂತಿದೆ. ನಿಜವಾಗಿ ಅವು ನಿಂತಿಲ್ಲ, ನಡುವಿನ ಕಾಂಕ್ರೀಟ್ ಕಂಬದ ತಲೆಯಿಂದ ತೂಗುತ್ತಿವೆ. ಅಂತಸ್ತುಗಳನ್ನು ನೆಲದ ಬಳಿ ಜೋಡಿಸಿ ಮೇಲಕ್ಕೆ ಎತ್ತಿದರು. ಇಂಥ ಕಚೇರಿಯಲ್ಲಿ ಕೆಲಸ ಸಾಗುತ್ತದೆಂದು ಕಂಪನಿಯವರಿಗೆ ಮನವರಿಕೆ ಮಾಡಲು ಶ್ವಾನ್ಸರ್ ಒಂದು ಅಂತಸ್ತನ್ನು ನಿಜವಾದ ಅಳತೆಯಲ್ಲೇ ಸಿನಿಮಾ ಸ್ಟುಡಿಯೋದಲ್ಲಿ ಕಟ್ಟಿಸಿ ತೋರಿಸಿದರು. ಪ್ರತಿ ಅಂತಸ್ತು ನಾಲ್ಕು ಎಸಳಿನ ಹೂವಿನಂತಿದ್ದು ಲಿಫ್ಟ್‌ಗಳು ನಡುವಿನಲ್ಲಿರುವುದರಿಂದ ಒಬ್ಬರಿಂದ ಇನ್ನೊಬ್ಬರ ಬಳಿಗೆ ನಡೆಯುವ ದೂರ ಕಡಿಮೆ, ಮತ್ತು ಮೂಲೆಗಳೇ ಇಲ್ಲದ ಕಡೆ ಎರಡು ಬದಿ ಕಿಟಕಿಯಿರುವ ಮೂಲೆಯ ಕೋಣೆ ಯಾರಿಗೆ ಎಂಬ ಪ್ರಶ್ನೆಯೂ ಏಳುವುದಿಲ್ಲ. 1999ರಿಂದ ಅದು ಸಂರಕ್ಷಿತ ಕಟ್ಟಡ.

ಆದರೂ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಅದೇ 1972ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಪೆಲ್‌ಡೋರ್ನ್‌ನಲ್ಲಿ ವಾಸ್ತುಶಿಲ್ಪಿ ಹರ್ಮನ್ ಹರ್ಟ್ಸ್‌ಬರ್ಗರ್ ಕಟ್ಟಿಸಿದ ಸೆಂಟ್ರಾಲ್ ಬೆಹೇರ್ ಎಂಬ ವಿಮಾ ಕಂಪನಿಯ ಕಚೇರಿ. ಅಲ್ಲಿ ದೊಡ್ಡ ಹಜಾರದ ಬದಲು ಕೆಲವೇ ಜನ ಕೂರಬಹುದಾದ ಚಿಕ್ಕ ಚೌಕಗಳಿದ್ದವು. ಗೋಡೆಗೆ ಬಣ್ಣವನ್ನೂ ಬಳಿಯದೆ, ನೌಕರರೇ ಮನೆಯಿಂದ ಗಿಡ, ಚಿತ್ರ, ಸಾಮಾನು ತಂದು ತಮ್ಮ ಜಾಗವನ್ನು ತಮ್ಮದಾಗಿಸಿಕೊಳ್ಳಲೆಂದು ಕಟ್ಟಡವನ್ನು ಬೇಕೆಂದೇ ಬರಿದಾಗಿ ಬಿಟ್ಟಿದ್ದರು. ನೌಕರರ ಮೇಲೆ ಇಷ್ಟು ನಂಬಿಕೆಯಿಟ್ಟ ಕಚೇರಿಯನ್ನು ನಾನು ಬೇರೆ ಕಂಡಿಲ್ಲ.

ನಾನು ಮೊದಲು ಸೇರಿದ ಕಂಪನಿಯ ಹಜಾರವೂ ನಿನ್ನ ಚಿತ್ರದಲ್ಲಿರುವಂತೆ ಗೋಡೆಗಳಿಲ್ಲದ್ದೇ ಆಗಿತ್ತು. ಮುಖ್ಯಸ್ಥರು ನಮ್ಮ ನಡುವೆಯೇ ಕೂರುತ್ತಿದ್ದರು, ಆದರೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳದೆ ಯಾರೂ ಅವರ ಮೇಜಿನ ಹತ್ತಿರ ಹೋಗುತ್ತಿರಲಿಲ್ಲ. ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆಂದು ಜನ ದನಿ ತಗ್ಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ಆ ಮೌನವನ್ನು ನಾನು ತಿರಸ್ಕಾರವೆಂದು ತಪ್ಪು ತಿಳಿದು, ಮೊದಲ ಚಳಿಗಾಲವೆಲ್ಲ ಬುತ್ತಿಯನ್ನು ಮೇಜಿನಲ್ಲೇ ಒಬ್ಬನೇ ಉಂಡೆ. ಮಾತು ನಡೆಯುತ್ತಿದ್ದುದು ಕಾಫಿ ಮಾಡಿಕೊಳ್ಳುವ ಪುಟ್ಟ ಅಡುಗೆಕೋಣೆಯಲ್ಲಿ. ಮಧ್ಯಾಹ್ನ ಎದುರಾದವರು 'ಮಾಲ್‌ತ್ಸೈಟ್' ಎನ್ನುತ್ತಾರೆ, ಊಟದ ಹೊತ್ತಿನ ನಮಸ್ಕಾರ ಅದು. ನೀನೂ ತಿರುಗಿ ಹಾಗೆಯೇ ಹೇಳಿ ಅವರ ಜೊತೆ ಹೋಗು, ನನ್ನಂತೆ ಮೇಜಿಗೆ ಅಂಟಿಕೊಂಡಿರಬೇಡ.

ಇನ್ನೊಂದು ವಿಷಯ ಊರಿನಲ್ಲಿ ಯಾರೂ ನಿನಗೆ ಹೇಳಿರಲಾರರು. ಇಲ್ಲಿ ಕಟ್ಟಡ ಯಜಮಾನನ ಇಚ್ಛೆಯೊಂದೇ ಅಲ್ಲ. ಕೆಲಸದ ಸ್ಥಳದಿಂದ ಸಾಧ್ಯವಾದಷ್ಟೂ ಹೊರಗಿನ ನೋಟ ಇರಬೇಕೆಂದು 2016ರ ತಿದ್ದುಪಡಿಯ ನಂತರದ ನಿಯಮ ಹೇಳುತ್ತದೆ. ನೌಕರರು ಆರಿಸಿದ ಬೆಟ್ರೀಬ್ಸ್‌ರಾಟ್ ಎಂಬ ಮಂಡಳಿ ಇರುವ ಕಂಪನಿಯಲ್ಲಿ, ಕಚೇರಿಯನ್ನು ಕಟ್ಟುವ ಅಥವಾ ಬದಲಿಸುವ ಯೋಜನೆಯನ್ನು ಮೊದಲೇ ಅದರ ಮುಂದಿಟ್ಟು ಚರ್ಚಿಸಬೇಕು. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆ ಕಂಪನಿಯಲ್ಲಿ ಅಂಥ ಮಂಡಳಿ ಇದೆಯೇ, ನಿನಗೆಂದೇ ಒಂದು ಮೇಜು ಇರುತ್ತದೆಯೇ ಅಥವಾ ದಿನವೂ ಖಾಲಿಯಿದ್ದುದನ್ನು ಹುಡುಕಿಕೊಳ್ಳಬೇಕೇ ಎಂದು ಸಂಕೋಚವಿಲ್ಲದೆ ಬರೆದು ಕೇಳು.