ದಯವಿಟ್ಟು ಆ ಕಾಗದಗಳನ್ನು ಬೇರ್ಪಡಿಸಬೇಡಿ

ಗ್ರಂಥಪಾಲಕರಾಗಿದ್ದ ನಿಮ್ಮ ತಾತನವರ ಪೆಟ್ಟಿಗೆಯಲ್ಲಿ ಕಚೇರಿಯ ಪತ್ರಗಳನ್ನಷ್ಟೇ ಉಳಿಸಿಕೊಂಡು, ಮನೆಯ ಪತ್ರಗಳನ್ನು ತೆಗೆದುಹಾಕಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ.

ಬಿ. ಎಸ್. ಕೇಶವನ್ ಅವರನ್ನೇ ನೋಡಿ. ಬಳ್ಳಾರಿ ಶಾಮಣ್ಣ ಕೇಶವನ್. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಮುಂದೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾದರು. 1953ರ ಫೆಬ್ರವರಿ 1ರಂದು ಬೆಲ್ವೆಡೆರ್ ಭವನದಲ್ಲಿ ಅದು ಸಾರ್ವಜನಿಕರಿಗೆ ತೆರೆದುಕೊಂಡಿತು. ಈ ದಿನಾಂಕ ಸರ್ಕಾರಿ ಕಡತದಲ್ಲಿ ಸಿಗುತ್ತದೆ. ಆದರೆ ಮೇಷ್ಟ್ರೊಬ್ಬರು ಊರು ಬಿಟ್ಟು, ಸಂಸಾರ ಕಟ್ಟಿಕೊಂಡು ಅಷ್ಟು ದೂರ ಹೋಗಿ ಬದುಕುವುದು ಎಂಥದ್ದು ಎಂಬುದನ್ನು ಮನೆಯವರ ಕಾಗದಗಳು ಮಾತ್ರ ಹೇಳಬಲ್ಲವು. ಇಂಥ ಪತ್ರಗಳು ರದ್ದಿಗೆ ಹೋದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಟ್ಟುಗಳು ಇರುವ ಕ್ರಮವನ್ನೂ ಕದಲಿಸಬೇಡಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಒಂದು ಮಾಹಿತಿಯೇ. ಕಿರಾಣಿ ಚೀಟಿಯ ಬೆನ್ನಿನಲ್ಲಿ ಪುಸ್ತಕಗಳ ಪಟ್ಟಿ ಇರಬಹುದು, ಎರಡೂ ಬದಿ ನೋಡಿ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲಗೆ ಬಿಡಿಸಿ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಸಂಖ್ಯೆ ಬರೆಯಿರಿ. ಬರೆದವರ ಕೈಬರಹ ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ, ಈ ವಾರವೇ ಅವರ ಪಕ್ಕ ಕುಳಿತು ಹೆಸರುಗಳನ್ನು ಬರೆದುಕೊಳ್ಳಿ.